ಕಮಟಾದ ಎಣ್ಣೆ, ಅಂಟಾದ ರಬ್ಬರು, ಒಂಟಿ ಎಲೆಕ್ಟ್ರಾನು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಆರಿಸಿಕೊಂಡ ಐದು ಪತ್ರಗಳೂ ಕಾಸರಗೋಡು ಜಿಲ್ಲೆಯವು. ಅಡುಗೆಮನೆ, ಕಾಲೇಜು, ರಬ್ಬರ್ ತೋಟ, ದೋಣಿ ದುರಸ್ತಿಯ ಶೆಡ್ಡು, ಗೇರುಗುಡ್ಡೆಯ ಬುಡದ ಮನೆ ಎಂದು ಅವು ಬೇರೆ ಬೇರೆ ಕಡೆಯಿಂದ ಬಂದಿದ್ದರೂ ಎಲ್ಲವೂ ಕೇಳುವುದು ಒಂದನ್ನೇ: ಸಾವಯವ ಸಂಯುಕ್ತಗಳಲ್ಲಿ, ಅಂದರೆ ಇಂಗಾಲದಿಂದ ಕಟ್ಟಿದ ವಸ್ತುಗಳಲ್ಲಿ, ಕೆಲವು ಬೇಗ ಒಡೆದು ಕೆಡುತ್ತವೆ, ಕೆಲವು ಕೆಡಲೊಲ್ಲವು, ಇದನ್ನು ನಿರ್ಧರಿಸುವುದು ಯಾವುದು? ಆದ್ದರಿಂದ ಅವನ್ನು ಒಂದೇ ಕಡೆ ಇಟ್ಟು ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಮ್ಮ ತೋಟದ ಕಾಯಿಯ ಕೊಬ್ಬರಿಯನ್ನು ಮಿಲ್ಲಿಗೆ ಕೊಟ್ಟು ಎಣ್ಣೆ ಮಾಡಿಸುತ್ತೇವೆ. ಬೇಸಗೆಯಲ್ಲಿ ಮಾಡಿಸಿದ್ದು ತಿಂಗಳುಗಟ್ಟಲೆ ಇಟ್ಟರೂ ಹಾಗೆಯೇ ಇರುತ್ತದೆ. ಅಂಗಡಿಯಿಂದ ತಂದ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟನ್ನು ಒಡೆದು ಡಬ್ಬಿಗೆ ಸುರಿದರೆ ಅದಕ್ಕೆ ಬೇಗ ಕಮಟು ವಾಸನೆ ಬರುತ್ತದೆ. ಹಾಗಿದ್ದರೂ ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಮಾಡಿಸಿದ ತೆಂಗಿನೆಣ್ಣೆ ಒಂದೇ ತಿಂಗಳಲ್ಲಿ ಕೆಟ್ಟಿತು. ತೆಂಗಿನೆಣ್ಣೆ ಕೆಡುವುದಿಲ್ಲವೆಂದು ಅತ್ತೆಯವರು ಹೇಳುತ್ತಿದ್ದುದು ಸುಳ್ಳೇ?
(ಗೃಹಿಣಿ, ಬದಿಯಡ್ಕ)

ಉತ್ತರ: ಸುಳ್ಳಲ್ಲ. ನಿಮ್ಮ ಪತ್ರದಲ್ಲಿ ಎರಡು ಬಗೆಯ ಕೆಡುವಿಕೆ ಸೇರಿಕೊಂಡಿದೆ. ಮೂಗಿಗೆ ಎರಡೂ ಕಮಟು ಅನ್ನಿಸಬಹುದು. ಆದರೆ ಎಣ್ಣೆಯೊಳಗೆ ನಡೆಯುವ ಕೆಲಸ ಒಂದಕ್ಕೊಂದು ಸಂಬಂಧವಿಲ್ಲದ್ದು. ಮೊದಲು ಸೂರ್ಯಕಾಂತಿ ಎಣ್ಣೆಯದನ್ನು ನೋಡೋಣ.

ಅಣುವಿನೊಳಗೆ ಎರಡು ಪರಮಾಣುಗಳನ್ನು ಹಿಡಿದಿಡುವ ಬಂಧವೆಂದರೆ ಜೋಡಿಯಾದ ಎರಡು ಎಲೆಕ್ಟ್ರಾನುಗಳು. ಆ ಬಂಧ ಸರಿಪಾಲಾಗಿ ಮುರಿದು ಒಂದೊಂದು ತುಂಡಿಗೆ ಒಂದೊಂದು ಎಲೆಕ್ಟ್ರಾನು ಬಂದರೆ, ಹಾಗೆ ಒಂಟಿ ಎಲೆಕ್ಟ್ರಾನನ್ನು ಹೊತ್ತ ತುಂಡನ್ನು ಮುಕ್ತ ರ‍್ಯಾಡಿಕಲ್ ಎನ್ನುತ್ತಾರೆ. ಎಣ್ಣೆಯಲ್ಲಿ ಎಲ್ಲೋ ಒಂದು ಕಡೆ, ಬೆಳಕಿನಿಂದಲೋ ಬಿಸಿಯಿಂದಲೋ ಲೋಹದ ಸೋಂಕಿನಿಂದಲೋ, ಅಂಥ ಒಂದು ತುಂಡು ಹುಟ್ಟಿತೆಂದರೆ ಗಾಳಿಯ ಆಮ್ಲಜನಕ ಕೂಡಲೇ ಅದಕ್ಕೆ ಅಂಟಿಕೊಂಡು ಪೆರಾಕ್ಸಿ ರ‍್ಯಾಡಿಕಲ್ ಆಗುತ್ತದೆ. ಅದು ಪಕ್ಕದ ಕೊಬ್ಬಿನ ಅಣುವಿನಿಂದ ಒಂದು ಹೈಡ್ರೋಜನ್ ಪರಮಾಣುವನ್ನು ಕಿತ್ತುಕೊಂಡು ತಾನು ತಣಿಯುತ್ತದೆ. ಹೈಡ್ರೋಜನ್ ಕಳೆದುಕೊಂಡ ಅಣು ಈಗ ಹೊಸ ರ‍್ಯಾಡಿಕಲ್. ಹೀಗೆ ಒಂದು ಕಿಡಿಯಿಂದ ಎಷ್ಟೋ ಅಣುಗಳು ಕೆಡುತ್ತಾ ಹೋಗುತ್ತವೆ.

ಈ ಸರಪಳಿ ಓಡುವುದೋ ಎಡವುವುದೋ ಎಂಬುದು ಹೈಡ್ರೋಜನನ್ನು ಎಲ್ಲಿಂದ ಕೀಳಬೇಕು ಎಂಬುದರ ಮೇಲೆ ನಿಂತಿದೆ. ಎರಡು ಇಂಗಾಲಗಳ ನಡುವೆ ಒಂದರ ಬದಲು ಎರಡು ಬಂಧಗಳಿದ್ದರೆ ಅದು ದ್ವಿಬಂಧ. ದ್ವಿಬಂಧವೇ ಇಲ್ಲದ ಸಂತೃಪ್ತ ಕೊಬ್ಬಿನ ಸರಪಣಿಯಲ್ಲಿ ಇಂಗಾಲದಿಂದ ಹೈಡ್ರೋಜನನ್ನು ಬಿಡಿಸಲು ಪ್ರತಿ ಮೋಲಿಗೆ (ಮೋಲ್ ಎಂದರೆ ಅಣುಗಳನ್ನು ಎಣಿಸುವ ಒಂದು ನಿಗದಿತ ಅಳತೆ) ಸುಮಾರು 412 ಕಿಲೋಜೌಲ್ ಶಕ್ತಿ ಬೇಕು. ಪಕ್ಕದಲ್ಲಿ ಒಂದು ದ್ವಿಬಂಧವಿದ್ದರೆ ಅದು 350ರ ಆಸುಪಾಸಿಗೆ ಇಳಿಯುತ್ತದೆ. ಎರಡು ದ್ವಿಬಂಧಗಳ ನಡುವೆ ಸಿಕ್ಕಿಕೊಂಡ ಇಂಗಾಲವಾದರೆ ಸುಮಾರು 320 ಸಾಕು, ಏಕೆಂದರೆ ಅಲ್ಲಿ ಉಳಿಯುವ ಒಂಟಿ ಎಲೆಕ್ಟ್ರಾನು ಒಂದೇ ಇಂಗಾಲದ ಮೇಲೆ ಕೂರದೆ ಐದು ಇಂಗಾಲಗಳ ಉದ್ದಕ್ಕೂ ಹರಡಿಕೊಳ್ಳುತ್ತದೆ. ಹಾಗೆ ಹರಡಿಕೊಂಡ ರ‍್ಯಾಡಿಕಲ್ ಹೆಚ್ಚು ಸ್ಥಿರ. ಸ್ಥಿರವಾದುದು ಹುಟ್ಟುವುದೂ ಸುಲಭ. ಇತ್ತ ಪೆರಾಕ್ಸಿ ರ‍್ಯಾಡಿಕಲ್ ಹೈಡ್ರೋಜನನ್ನು ಹಿಡಿದುಕೊಂಡಾಗ ಬಿಡುಗಡೆಯಾಗುವುದು ಸುಮಾರು 370 ಕಿಲೋಜೌಲ್ ಮಾತ್ರ. ಅಂದರೆ ಅದರ ಕೈಗೆ 320ರದ್ದು ಸಲೀಸಾಗಿ ಸಿಗುತ್ತದೆ, 412ರದ್ದು ಸಾಮಾನ್ಯ ತಾಪದಲ್ಲಿ ಹೆಚ್ಚುಕಡಿಮೆ ಸಿಗುವುದೇ ಇಲ್ಲ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಎರಡು ದ್ವಿಬಂಧಗಳ ಲಿನೋಲಿಯಿಕ್ ಆಮ್ಲದ್ದೇ ಸಿಂಹಪಾಲು. ತೆಂಗಿನೆಣ್ಣೆಯಲ್ಲಿ ಶೇಕಡ 90ರಷ್ಟು ಸಂತೃಪ್ತ ಕೊಬ್ಬು, ಅದರಲ್ಲೂ ಲಾರಿಕ್ ಆಮ್ಲವೊಂದೇ ಒಟ್ಟು ಎಣ್ಣೆಯ ಅರ್ಧದಷ್ಟು. ಲಿನೋಲಿಯಿಕ್ ಆಮ್ಲ ಶೇಕಡ 2ರ ಸುತ್ತಮುತ್ತ. ನಿಮ್ಮ ಅತ್ತೆಯವರ ಮಾತು ನಿಂತಿರುವುದು ಈ ಲೆಕ್ಕದ ಮೇಲೆ.

ಇನ್ನು ವಾಸನೆಯ ವಿಷಯ. ಸರಪಳಿಯಲ್ಲಿ ಮೊದಲು ಕೂಡಿಬರುವ ಹೈಡ್ರೋಪೆರಾಕ್ಸೈಡುಗಳಿಗೆ, ಅಂದರೆ ಹೈಡ್ರೋಜನ್ ಹಿಡಿದುಕೊಂಡು ತಣಿದ ಆ ಪೆರಾಕ್ಸಿ ತುಂಡುಗಳಿಗೆ, ವಾಸನೆಯಿಲ್ಲ. ಆದರೆ ಅವುಗಳಲ್ಲಿ ಆಮ್ಲಜನಕಕ್ಕೂ ಆಮ್ಲಜನಕಕ್ಕೂ ನಡುವೆ ಇರುವ ಬಂಧ ತೀರ ಸಡಿಲ. ಅದು ಮುರಿದು, ಉಳಿದ ತುಂಡು ಪಕ್ಕದ ಇಂಗಾಲದ ಬಂಧವನ್ನೂ ಹರಿದುಕೊಂಡಾಗ ಆರು ಇಂಗಾಲಗಳ ಹೆಕ್ಸನಾಲ್‌ನಂಥ ಚಿಕ್ಕ ಆಲ್ಡಿಹೈಡುಗಳು ಹೊರಬೀಳುತ್ತವೆ. ಮೂಗಿಗೆ ತಾಗುವುದು ಅವು. ಆದ್ದರಿಂದ ವಾಸನೆ ಬಂದ ದಿನ ಎಣ್ಣೆ ಕೆಡಲು ಶುರುವಾದ ದಿನವಲ್ಲ, ಅದಕ್ಕೂ ಬಹಳ ಮೊದಲೇ ಕೆಲಸ ಆರಂಭವಾಗಿರುತ್ತದೆ. ಹಳೆಯ ಎಣ್ಣೆಯ ಡಬ್ಬಿಯ ಕತ್ತಿನ ಸುತ್ತ ಬೆರಳಾಡಿಸಿ ನೋಡಿ: ಹಳದಿಗಟ್ಟಿ, ಹಲಸಿನ ಮೇಣದ ಹಾಗೆ ಅಂಟುವ ಒಂದು ಪದರ ಇರುತ್ತದೆ. ರ‍್ಯಾಡಿಕಲ್‌ಗಳು ಒಂದಕ್ಕೊಂದು ಕೂಡಿ ಬೆಳೆದು ಗಟ್ಟಿಯಾದ ಎಣ್ಣೆಯೇ ಅದು. ಅದರ ಮೇಲೆ ಹೊಸ ಎಣ್ಣೆ ಸುರಿದರೆ ಹಳೆಯ ಹೈಡ್ರೋಪೆರಾಕ್ಸೈಡುಗಳು ಹೊಸದಕ್ಕೆ ಹೆಪ್ಪು ಹಾಕಿದಂತೆ. ಡಬ್ಬಿಯನ್ನು ಸಾಬೂನು ಹಾಕಿ ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿಯೇ ತುಂಬಿಸಿ.

ಆಟಿಯ ತೆಂಗಿನೆಣ್ಣೆ ಕೆಟ್ಟದ್ದು ಬೇರೆ ಕಾರಣಕ್ಕೆ. ಮಳೆಗಾಲದ ಕೊಬ್ಬರಿ ಅಟ್ಟದ ಮೇಲೆಯೂ ಸರಿಯಾಗಿ ಒಣಗುವುದಿಲ್ಲ. ತೇವಾಂಶ ಶೇಕಡ 6ರ ಒಳಗೆ ಬರಬೇಕೆಂಬುದು ಕೊಬ್ಬರಿಯ ನಿಯಮ. ತೇವ ಉಳಿದ ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ಕಿಣ್ವ ನೀರಿನ ನೆರವಿನಿಂದ ಕೊಬ್ಬನ್ನು ಸೀಳಿ ಲಾರಿಕ್ ಆಮ್ಲವನ್ನು ಬಿಡಿಬಿಡಿಯಾಗಿಸುತ್ತದೆ, ನಾಲಗೆಗೆ ಸಾಬೂನಿನ ರುಚಿ ಬರುವುದು ಅದರಿಂದ. ಬೂಷ್ಟು ಆ ಆಮ್ಲವನ್ನು ಇನ್ನೂ ಮುಂದಕ್ಕೆ ಒಯ್ದು ಕೀಟೋನುಗಳನ್ನಾಗಿ ಮಾಡಿದಾಗ ಮೂಗಿಗೆ ಹೊಡೆಯುವ ವಾಸನೆಯೂ ಸೇರುತ್ತದೆ. ಇದರಲ್ಲಿ ರ‍್ಯಾಡಿಕಲ್‌ಗೆ ಪಾತ್ರವೇ ಇಲ್ಲ. ದ್ವಿಬಂಧ ತೀರ ಕಡಿಮೆಯಿರುವ ತೆಂಗಿನೆಣ್ಣೆ ಆಮ್ಲಜನಕಕ್ಕೆ ಬಗ್ಗದಿದ್ದರೂ ನೀರಿಗೆ ಬಗ್ಗುತ್ತದೆ. ಮಳೆಗಾಲದಲ್ಲಿ ಎಣ್ಣೆ ಮಾಡಿಸಲೇಬೇಕಾದರೆ ಕೊಬ್ಬರಿಯನ್ನು ಒಲೆಯ ಗೂಡಿನಲ್ಲಿ ಚಟಚಟನೆ ಮುರಿಯುವವರೆಗೆ ಒಣಗಿಸಿ, ಬೂಷ್ಟಿನ ಹೋಳುಗಳನ್ನು ಹೆಕ್ಕಿ ತೆಗೆದು ಕೊಡಿ.

ನೀವು ಕೇಳದಿದ್ದರೂ ಎಳ್ಳೆಣ್ಣೆಯ ಮಾತನ್ನು ಬಿಟ್ಟುಬಿಡಲು ಮನಸ್ಸಾಗುವುದಿಲ್ಲ. ಅದರಲ್ಲಿ ಲಿನೋಲಿಯಿಕ್ ಆಮ್ಲ ಶೇಕಡ 40ರಷ್ಟು ಇದೆ. ಮೇಲಿನ ಲೆಕ್ಕದ ಪ್ರಕಾರ ಅದು ಬೇಗ ಕಮಟಾಗಬೇಕಿತ್ತು. ಆದರೆ ಎಳ್ಳಿನಲ್ಲಿರುವ ಸೆಸಮೋಲಿನ್ ಎಂಬ ವಸ್ತು ಹುರಿದಾಗ ಸೆಸಮೋಲ್ ಎಂಬ ಫೀನಾಲ್ ಆಗುತ್ತದೆ. ಫೀನಾಲುಗಳು ತಮ್ಮ ಹೈಡ್ರೋಜನನ್ನು ಪೆರಾಕ್ಸಿ ರ‍್ಯಾಡಿಕಲ್‌ಗೆ ಕೊಬ್ಬಿಗಿಂತ ಮೊದಲೇ ಕೊಟ್ಟುಬಿಡುತ್ತವೆ, ಕೊಟ್ಟ ಮೇಲೆ ತಾವು ಎಷ್ಟು ಸ್ಥಿರವಾದ ರ‍್ಯಾಡಿಕಲ್ ಆಗುತ್ತವೆಂದರೆ ಇನ್ನೊಂದು ಅಣುವಿನಿಂದ ಕಿತ್ತುಕೊಳ್ಳುವ ಗೋಜಿಗೆ ಹೋಗುವುದಿಲ್ಲ. ಸರಪಳಿ ಅಲ್ಲಿಗೆ ತುಂಡಾಗುತ್ತದೆ. ರ‍್ಯಾಡಿಕಲ್ ಸ್ಥಿರವಾಗಿರುವುದರಿಂದಲೇ ಸೂರ್ಯಕಾಂತಿ ಎಣ್ಣೆ ಕೆಡುತ್ತದೆ, ರ‍್ಯಾಡಿಕಲ್ ಇನ್ನೂ ಹೆಚ್ಚು ಸ್ಥಿರವಾಗಿರುವುದರಿಂದಲೇ ಎಳ್ಳೆಣ್ಣೆ ಉಳಿಯುತ್ತದೆ. ಈ ವಿಚಿತ್ರವೇ ಮುಂದಿನ ಪತ್ರದ ಪ್ರಶ್ನೆ.

ಪ್ರಶ್ನೆ: ತೃತೀಯಕ ರ‍್ಯಾಡಿಕಲ್ ಸ್ಥಿರ, ಮೀಥೈಲ್ ರ‍್ಯಾಡಿಕಲ್ ಅಸ್ಥಿರ ಎಂದು ಪಠ್ಯಪುಸ್ತಕದಲ್ಲಿದೆ (ತೃತೀಯಕದಲ್ಲಿ ಒಂಟಿ ಎಲೆಕ್ಟ್ರಾನಿರುವ ಇಂಗಾಲಕ್ಕೆ ಬೇರೆ ಮೂರು ಇಂಗಾಲಗಳು ಅಂಟಿರುತ್ತವೆ, ಮೀಥೈಲ್‌ನಲ್ಲಿ ಒಂದೂ ಇಲ್ಲ). ಸ್ಥಿರವಾದರೆ ಅದನ್ನು ಸೀಸೆಯಲ್ಲಿ ತುಂಬಿಡಬಹುದೇ? ಇನ್ನೊಂದು ಪಾಠದಲ್ಲಿ, ರ‍್ಯಾಡಿಕಲ್ ಸ್ಥಿರವಾದುದರಿಂದ ಸಂಯುಕ್ತ ಬೇಗ ವಿಘಟನೆಯಾಗುತ್ತದೆ ಎಂದಿದೆ. ಸ್ಥಿರತೆಯೇ ಒಡೆಯುವುದಕ್ಕೆ ಕಾರಣವಾಗುವುದು ಹೇಗೆ?
(ಬಿ.ಎಸ್ಸಿ. ವಿದ್ಯಾರ್ಥಿನಿ, ಕಾಸರಗೋಡು)

ಉತ್ತರ: ಪ್ರಶ್ನೆ ಬಹಳ ಒಳ್ಳೆಯದು. ನಾನು ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ಉತ್ತರಪತ್ರಿಕೆಗಳಲ್ಲಿ ಸ್ಥಿರತೆಯ ಕ್ರಮವನ್ನು ತಪ್ಪಿಲ್ಲದೆ ಬರೆದವರು ಹಲವರು, ಆ ಶಬ್ದದ ಅರ್ಥವನ್ನು ಕೇಳಿದವರು ಬಹಳ ಕಡಿಮೆ.

ಮೊದಲು ಒಡೆಯುವ ವಿಷಯ. ಬಂಧವನ್ನು ಮುರಿಯಲು ಬೇಕಾದ ಶಕ್ತಿಯೆಂದರೆ ಮುರಿದ ತುಂಡುಗಳ ಶಕ್ತಿಗೂ ಅಖಂಡ ಅಣುವಿನ ಶಕ್ತಿಗೂ ನಡುವಿನ ಅಂತರ. ತುಂಡುಗಳು ಸ್ಥಿರವಾದಷ್ಟೂ ಅಂತರ ಕಿರಿದಾಗುತ್ತದೆ. ನಮ್ಮ ಗದ್ದೆಯ ಹುಣಿಯನ್ನು (ಬದುವನ್ನು) ನೆನೆದುಕೊಳ್ಳಿ: ಹುಣಿ ತಗ್ಗಾದ ಕಡೆ ಒಂದೇ ಮಳೆಗೆ ನೀರು ಆಚೆ ದಾಟುತ್ತದೆ. ರ‍್ಯಾಡಿಕಲ್‌ನ ಶಕ್ತಿಯೇ ಆ ಹುಣಿ; ಅದು ತಗ್ಗಾದರೆ ಸಂಯುಕ್ತ ಬೇಗ ದಾಟುತ್ತದೆ, ಅಂದರೆ ಬೇಗ ಒಡೆಯುತ್ತದೆ. ಮೀಥೇನಿನಿಂದ ಒಂದು ಹೈಡ್ರೋಜನ್ ಬಿಡಿಸಲು 439 ಕಿಲೋಜೌಲ್ ಬೇಕು, ಈಥೇನಿನಿಂದ 423, ಪ್ರೋಪೇನಿನ ನಡುವಿನ ಇಂಗಾಲದಿಂದ 412, ಐಸೋಬ್ಯುಟೇನಿನ ತೃತೀಯಕ ಇಂಗಾಲದಿಂದ 404. ಇಲ್ಲಿನ ಇಳಿತಕ್ಕೆ ಮುಖ್ಯ ಕಾರಣ, ಪಕ್ಕದ ಇಂಗಾಲ-ಹೈಡ್ರೋಜನ್ ಬಂಧಗಳ ಎಲೆಕ್ಟ್ರಾನುಗಳು ಒಂಟಿ ಎಲೆಕ್ಟ್ರಾನಿಗೆ ಸ್ವಲ್ಪ ಸ್ವಲ್ಪ ಒತ್ತಾಸೆಯಾಗುವುದು. ಟೊಲ್ವೀನಿನಲ್ಲಿ ಬೆಂಜೀನ್ ಉಂಗುರದ ಪಕ್ಕದ ಕೊಂಡಿಯಲ್ಲಿ (ಬೆಂಜೈಲ್ ಸ್ಥಾನ) ಇದು 375ಕ್ಕೂ, ಪ್ರೋಪೀನಿನಲ್ಲಿ ದ್ವಿಬಂಧದ ಪಕ್ಕದ ಆಲೈಲ್ ಸ್ಥಾನದಲ್ಲಿ 369ಕ್ಕೂ ಇಳಿಯುತ್ತದೆ. ಅಲ್ಲಿ ಎಲೆಕ್ಟ್ರಾನು ಅನುರಣನದಿಂದ ನಿಜವಾಗಿಯೇ ಹಂಚಿಹೋಗಿರುತ್ತದೆ. ಬೆಂಜೀನಿನ ಉಂಗುರದಿಂದಲೇ ಹೈಡ್ರೋಜನನ್ನು ಕೀಳಹೊರಟರೆ 472 ಬೇಕು, ಏಕೆಂದರೆ ಫೀನೈಲ್ ರ‍್ಯಾಡಿಕಲ್‌ನ ಒಂಟಿ ಎಲೆಕ್ಟ್ರಾನು ಉಂಗುರದ ಸಮತಲದಲ್ಲೇ ಹೊರಕ್ಕೆ ಚಾಚಿಕೊಂಡಿರುವುದರಿಂದ ಉಂಗುರದ ಎಲೆಕ್ಟ್ರಾನುಗಳ ಜೊತೆ ಬೆರೆಯಲಾರದು. ಬೆಂಜೈಲ್ ಮತ್ತು ಫೀನೈಲ್‌ಗಳನ್ನು ಪರೀಕ್ಷೆಯಲ್ಲಿ ಅದಲುಬದಲು ಮಾಡಬೇಡಿ.

ವಿಘಟನೆಗೆ ಒಂದು ಜೋಡಿ ಉದಾಹರಣೆ ಸಾಕು. ಅಝೋಮೀಥೇನ್ ಮತ್ತು ಎಐಬಿಎನ್ ಎಂಬ ಎರಡು ಸಂಯುಕ್ತಗಳೂ ಒಡೆದಾಗ ನಡುವಿನಿಂದ ಸಾರಜನಕ ಅನಿಲ ಹಾರಿಹೋಗುತ್ತದೆ, ಎರಡು ಬದಿಗಳಲ್ಲಿ ಎರಡು ರ‍್ಯಾಡಿಕಲ್ ಉಳಿಯುತ್ತವೆ. ಅಝೋಮೀಥೇನಿನಲ್ಲಿ ಉಳಿಯುವುದು ಮೀಥೈಲ್. ಅದನ್ನು ಒಡೆಯಲು 300 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಬಿಸಿ ಬೇಕು. ಎಐಬಿಎನ್‌ನಲ್ಲಿ ಉಳಿಯುವುದು ತೃತೀಯಕವೂ ಹೌದು, ಪಕ್ಕದ ನೈಟ್ರೈಲ್ ಗುಂಪಿಗೆ ಎಲೆಕ್ಟ್ರಾನನ್ನು ಹಂಚಬಲ್ಲದ್ದೂ ಹೌದು. ಅದು ಸುಮಾರು 65 ಡಿಗ್ರಿಯಲ್ಲೇ, ಅಂದರೆ ಕೈ ಸುಡುವ ನೀರಿನಷ್ಟು ತಾಪದಲ್ಲಿ, ಹತ್ತು ಗಂಟೆಗೆ ಅರ್ಧಕ್ಕರ್ಧ ಒಡೆದುಹೋಗುತ್ತದೆ. ಹೊರಡುವ ಅನಿಲ ಒಂದೇ, ಉಳಿಯುವ ತುಂಡು ಮಾತ್ರ ಬೇರೆ. ವ್ಯತ್ಯಾಸ 200 ಡಿಗ್ರಿಗೂ ಮೀರಿ. ಇದೇ ನಿಯಮ ಇನ್ನೊಂದು ರೂಪದಲ್ಲಿ: ಅಸಿಟೈಲ್ ಪೆರಾಕ್ಸೈಡ್ ಒಡೆದಾಗ ಬರುವ ಅಸಿಟಾಕ್ಸಿ ರ‍್ಯಾಡಿಕಲ್ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಕಳಚಿಕೊಂಡು ಮೀಥೈಲ್ ಆಗುತ್ತದೆ. ಬೆಂಜಾಯ್ಲ್ ಪೆರಾಕ್ಸೈಡಿನಿಂದ ಬರುವ ಬೆಂಜಾಯ್ಲಾಕ್ಸಿ ರ‍್ಯಾಡಿಕಲ್‌ಗೆ ಅದಕ್ಕೆ ಸಾವಿರದಷ್ಟು ಪಟ್ಟು ಹೆಚ್ಚು ಹೊತ್ತು ಬೇಕು, ಏಕೆಂದರೆ ಕಳಚಿದರೆ ಅದು ಆಗಬೇಕಾದುದು ಆ ಅಸ್ಥಿರ ಫೀನೈಲ್.

ಈಗ ಸೀಸೆಯ ವಿಷಯ. ಮೇಲೆ ಹೇಳಿದ ಸ್ಥಿರತೆ ಶಕ್ತಿಯ ಲೆಕ್ಕ, ಆಯುಸ್ಸಿನ ಲೆಕ್ಕವಲ್ಲ. ತೃತೀಯಕ ಬ್ಯುಟೈಲ್ ರ‍್ಯಾಡಿಕಲ್ ಮೀಥೈಲಿಗಿಂತ ಸ್ಥಿರವಾದರೂ ಅಂಥವು ಎರಡು ದ್ರಾವಣದಲ್ಲಿ ಎದುರಾದರೆ ಹೆಚ್ಚುಕಡಿಮೆ ಪ್ರತಿ ಭೇಟಿಯಲ್ಲೂ ಪರಸ್ಪರ ಮುಗಿಸಿಕೊಳ್ಳುತ್ತವೆ. ಬಹುಕಾಲ ಉಳಿಯಬೇಕಾದರೆ ಅವು ಒಂದನ್ನೊಂದು ಮುಟ್ಟದಂತೆ ಸುತ್ತ ಬೇಲಿ ಇರಬೇಕು. ಈ ಎರಡು ಅರ್ಥಗಳನ್ನು ಬೇರೆ ಬೇರೆ ಹೆಸರಿನಿಂದ ಕರೆಯಬೇಕೆಂದು ಡೇವಿಡ್ ಗ್ರಿಲ್ಲರ್ ಮತ್ತು ಕೀತ್ ಇಂಗೋಲ್ಡ್ 1976ರಲ್ಲಿ ಸ್ಪಷ್ಟವಾಗಿ ಬರೆದರು. ಕನ್ನಡದಲ್ಲಿ ನಾವು ಒಂದನ್ನು ‘ಸ್ಥಿರ’ ಎಂದೂ ಇನ್ನೊಂದನ್ನು ‘ಬಾಳಿಕೆಯ’ ಎಂದೂ ಹೇಳಿದರೆ ಗೊಂದಲ ತಾನಾಗಿ ಕರಗುತ್ತದೆ.

ಬಾಳಿಕೆಯ ರ‍್ಯಾಡಿಕಲ್ ಮೊದಲು ಸಿಕ್ಕಿದ್ದೂ ಒಂದು ಸೋಲಿನಿಂದ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಮೋಸೆಸ್ ಗೊಂಬರ್ಗ್ ಅವರು ಆರು ಬೆಂಜೀನ್ ಉಂಗುರಗಳಿರುವ ಹೆಕ್ಸಾಫೀನೈಲ್ ಈಥೇನನ್ನು ತಯಾರಿಸಲು ಟ್ರೈಫೀನೈಲ್‌ಮೀಥೈಲ್ ಕ್ಲೋರೈಡನ್ನು ಬೆಳ್ಳಿಯ ಪುಡಿಯೊಂದಿಗೆ ಬೆರೆಸಿದರು. ಸಿಕ್ಕಿದ ವಸ್ತುವಿನಲ್ಲಿ ಇರಬಾರದ ಆಮ್ಲಜನಕ ಇತ್ತು. ಗಾಳಿ ತಾಗದಂತೆ ಮತ್ತೆ ಮಾಡಿದಾಗ ಹಳದಿ ದ್ರಾವಣ ಬಂತು. ಅದಕ್ಕೆ ಗಾಳಿ ಸೋಕಿಸಿ ಕುಲುಕಿದರೆ ಹಳದಿ ಮಾಯ, ಸುಮ್ಮನೆ ಇಟ್ಟರೆ ಹಳದಿ ಮತ್ತೆ ಹಾಜರು, ಏಕೆಂದರೆ ಜೋಡಿಯಾಗಿದ್ದ ಅಣುಗಳು ಒಡೆದು ಹೊಸ ರ‍್ಯಾಡಿಕಲ್‌ಗಳು ಹುಟ್ಟುತ್ತಲೇ ಇರುತ್ತವೆ. ಆ ಜೋಡಿಯನ್ನು ಬಿಡಿಸಲು ಬೇಕಾದುದು ಸುಮಾರು 46 ಕಿಲೋಜೌಲ್. ಈಥೇನಿನ ಎರಡು ಇಂಗಾಲಗಳನ್ನು ಬಿಡಿಸಲು 377 ಬೇಕು. ಇಂಗಾಲಕ್ಕೆ ನಾಲ್ಕೇ ಬಂಧ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, 1900ರಲ್ಲಿ, ಮೂರೇ ಬಂಧಗಳ ಇಂಗಾಲವಿದೆ ಎಂದು ಅವರು ಪ್ರಕಟಿಸಿದರು. ಮೂರು ಉಂಗುರಗಳು ಫ್ಯಾನಿನ ರೆಕ್ಕೆಗಳ ಹಾಗೆ ತಿರುಚಿಕೊಂಡು ನಿಂತು ನಡುವಿನ ಇಂಗಾಲಕ್ಕೆ ಬೇಲಿಯಾಗಿವೆ. ಅನುರಣನದ ಸ್ಥಿರತೆಗಿಂತ ಈ ಬೇಲಿಯದ್ದೇ ಇಲ್ಲಿ ದೊಡ್ಡ ಪಾಲು. ಜೋಡಿಯಾದಾಗಲೂ ಎರಡು ನಡು ಇಂಗಾಲಗಳು ಕೂಡುವುದಿಲ್ಲ, ಒಂದರ ನಡು ಇಂಗಾಲ ಇನ್ನೊಂದರ ಉಂಗುರದ ತುದಿಗೆ ಅಂಟಿಕೊಳ್ಳುತ್ತದೆ ಎಂದು ಖಚಿತವಾದದ್ದು 1968ರಲ್ಲಿ. ಅಂದರೆ ಅವರು ಹುಡುಕಹೊರಟ ಹೆಕ್ಸಾಫೀನೈಲ್ ಈಥೇನ್ ಅಲ್ಲಿ ಇರಲೇ ಇಲ್ಲ.

ಮೀಥೈಲ್‌ನಂಥ ಅಲ್ಪಾಯುಷಿಗಳನ್ನು ಕಂಡುಹಿಡಿಯಲು ಇನ್ನೂ 29 ವರ್ಷ ಬೇಕಾಯಿತು. 1929ರಲ್ಲಿ ಫ್ರಿಟ್ಸ್ ಪಾನೆತ್ ಮತ್ತು ವಿಲ್ಹೆಲ್ಮ್ ಹೋಫೆಡಿಟ್ಸ್ ಟೆಟ್ರಾಮೀಥೈಲ್ ಸೀಸದ ಆವಿಯನ್ನು ಕೊಳವೆಯಲ್ಲಿ ಹರಿಯಬಿಟ್ಟು ಒಂದು ಕಡೆ ಕಾಯಿಸಿದರು. ಸಂಯುಕ್ತ ಒಡೆದು ಅಲ್ಲಿ ಸೀಸದ ಕನ್ನಡಿ ಮೂಡಿತು. ಬೆಂಕಿಯನ್ನು ಆವಿ ಬರುವ ದಿಕ್ಕಿಗೆ ಸರಿಸಿ ಕಾಯಿಸಿದಾಗ ಅಲ್ಲಿ ಹೊಸ ಕನ್ನಡಿ ಮೂಡುತ್ತಿದ್ದಂತೆ, ಮುಂದಿದ್ದ ಹಳೆಯ ಕನ್ನಡಿ ಕರಗಿ ಮಾಯವಾಯಿತು. ಹೊರಬಿದ್ದ ಮೀಥೈಲ್ ರ‍್ಯಾಡಿಕಲ್‌ಗಳು ಆವಿಯ ಜೊತೆ ಹೋಗಿ ಆ ಸೀಸವನ್ನು ಮತ್ತೆ ಹಿಡಿದುಕೊಂಡಿದ್ದವು. ಎರಡು ಕನ್ನಡಿಗಳ ನಡುವಿನ ದೂರ ಹೆಚ್ಚಿಸಿದರೆ ಕನ್ನಡಿ ಕರಗುವುದು ನಿಧಾನವಾಗುತ್ತಿತ್ತು. ಅದರಿಂದಲೇ ಅವುಗಳ ಆಯುಸ್ಸು ಸೆಕೆಂಡಿನ ಸಾವಿರದ ಕೆಲವೇ ಪಾಲು ಎಂದು ಲೆಕ್ಕ ಸಿಕ್ಕಿತು. ಇಷ್ಟು ಸರಳ ಸಲಕರಣೆಯಿಂದ ಇಷ್ಟು ದೊಡ್ಡ ಮಾತನ್ನು ಸಾಧಿಸಿದ ಪ್ರಯೋಗಗಳು ಕಡಿಮೆ. 1934ರಲ್ಲಿ ರೈಸ್ ಮತ್ತು ಹರ್ಟ್ಸ್‌ಫೆಲ್ಡ್ ಅವರು ಸಾವಯವ ಸಂಯುಕ್ತಗಳು ಬಿಸಿಗೆ ಒಡೆಯುವುದು ರ‍್ಯಾಡಿಕಲ್ ಸರಪಳಿಯ ಮೂಲಕ ಎಂದು ವಿವರಿಸಿದಾಗ ಈ ಮೀಥೈಲುಗಳೇ ಆಧಾರವಾದವು.

ಸೀಸೆಯಲ್ಲಿ ತುಂಬಿದ ರ‍್ಯಾಡಿಕಲ್ಲನ್ನು ಕಣ್ಣಾರೆ ನೋಡಬೇಕಾದರೆ ನಿಮ್ಮ ಅಧ್ಯಾಪಕರಲ್ಲಿ ಡಿಪಿಪಿಎಚ್ ಇದೆಯೇ ಎಂದು ಕೇಳಿ. ಕಪ್ಪು ಛಾಯೆಯ ಪುಡಿ, ಮದ್ಯಸಾರದಲ್ಲಿ ಕರಗಿಸಿದರೆ ಕಡು ನೇರಳೆ. ಅದಕ್ಕೆ ನೆಲ್ಲಿಕಾಯಿ ರಸವನ್ನೋ ಚಹಾದ ಕಷಾಯವನ್ನೋ ಹನಿಸಿದರೆ ಅದರಲ್ಲಿರುವ ಫೀನಾಲುಗಳು ಹೈಡ್ರೋಜನ್ ಕೊಟ್ಟು, ನೇರಳೆ ಹಳದಿಗೆ ತಿರುಗುತ್ತದೆ.

ಪ್ರಶ್ನೆ: ಅಡಿಕೆಗೆ ಮೈಲುತುತ್ತು ಕದಡುವ ಡ್ರಮ್ಮು, ಬಕೆಟುಗಳನ್ನು ರಬ್ಬರ್ ಹಾಲು ಹಾಕಲು ಬಳಸಬಾರದು ಎಂದು ಹಿರಿಯರು ಹೇಳುತ್ತಾರೆ. ತೊಳೆದರೂ ಬೇಡವೇ? ರಬ್ಬರ್ ಶೀಟನ್ನು ಹೊಗೆಯಲ್ಲಿ ಒಣಗಿಸುವುದು ಬರೇ ನೀರು ಆರಲಿಕ್ಕೋ?
(ಕೃಷಿಕರು, ಅಡೂರು)

ಉತ್ತರ: ತೊಳೆದರೂ ಬೇಡ. ರಬ್ಬರಿನ ಉದ್ದ ಸರಪಣಿಯಲ್ಲಿ ಪ್ರತಿ ಐದು ಇಂಗಾಲಕ್ಕೆ ಒಂದು ದ್ವಿಬಂಧವಿದೆ, ಅದರ ಅಕ್ಕಪಕ್ಕದಲ್ಲೆಲ್ಲ ಸುಲಭವಾಗಿ ಕಿತ್ತುಬರುವ ಹೈಡ್ರೋಜನುಗಳಿವೆ. ಹಾಗಾಗಿ ರಬ್ಬರು ಕೂಡ ಎಣ್ಣೆಯ ಹಾಗೆಯೇ ಗಾಳಿಗೆ ಹೈಡ್ರೋಪೆರಾಕ್ಸೈಡ್ ಕಟ್ಟಿಕೊಳ್ಳುತ್ತದೆ. ಅಷ್ಟರಿಂದ ದೊಡ್ಡ ಕೇಡಿಲ್ಲ, ಅದು ನಿಧಾನದ ಕೆಲಸ. ಆದರೆ ಅಲ್ಲಿ ಮೈಲುತುತ್ತಿನಿಂದ ಬಂದ ತಾಮ್ರವಿದ್ದರೆ ಲೆಕ್ಕ ಬದಲಾಗುತ್ತದೆ. ತಾಮ್ರದ ಅಯಾನು ಹೈಡ್ರೋಪೆರಾಕ್ಸೈಡಿಗೆ ಒಂದು ಎಲೆಕ್ಟ್ರಾನು ಕೊಟ್ಟು ಅದನ್ನು ಒಡೆಯುತ್ತದೆ, ಮತ್ತೊಂದು ಹೈಡ್ರೋಪೆರಾಕ್ಸೈಡಿನಿಂದ ಒಂದು ಎಲೆಕ್ಟ್ರಾನು ಪಡೆದು ಮೊದಲಿನ ಸ್ಥಿತಿಗೆ ಮರಳುತ್ತದೆ. ಎರಡು ಸಲವೂ ಹೊಸ ರ‍್ಯಾಡಿಕಲ್ ಹುಟ್ಟುತ್ತದೆ, ತಾಮ್ರ ಮಾತ್ರ ಖರ್ಚಾಗುವುದೇ ಇಲ್ಲ. ಆದುದರಿಂದಲೇ ಶೀಟಿನಲ್ಲಿ ಹತ್ತು ಲಕ್ಷಕ್ಕೆ ಕೆಲವೇ ಪಾಲು ತಾಮ್ರ ಇದ್ದರೂ ಅಪಾಯವೆಂದು ರಬ್ಬರ್ ವ್ಯವಹಾರದಲ್ಲಿ ತಾಮ್ರ, ಮ್ಯಾಂಗನೀಸುಗಳ ಮಿತಿಯನ್ನು ಕಟ್ಟುನಿಟ್ಟಾಗಿ ನೋಡುತ್ತಾರೆ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಶೇಕಡ 1ರದ್ದೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಡ್ರಮ್ಮಿನ ಮೂಲೆಯಲ್ಲಿ ಒಣಗಿ ಅಂಟಿದ ನೀಲಿ ಕಲೆಯೊಂದೇ ಹಾಲಿನಲ್ಲಿ ಕರಗಿದರೂ ಎಷ್ಟೋ ಶೀಟು ಹಾಳಾಗುತ್ತದೆ. ಪತ್ರಿಕೆಯ ಕಟ್ಟಿಗೆ ಹಾಕಿದ ರಬ್ಬರ್ ಬ್ಯಾಂಡ್ ಮಳೆಗಾಲ ಕಳೆದ ಮೇಲೆ ಕಾಗದಕ್ಕೆ ಬೆಲ್ಲದ ಪಾಕದಂತೆ ಅಂಟಿರುವುದನ್ನು ನೀವೂ ನೋಡಿರಬಹುದು. ಸರಪಣಿ ತುಂಡುತುಂಡಾದ ರಬ್ಬರಿನ ಕೊನೆ ಅದು.

ಹೊಗೆ ಬರೇ ನೀರು ಆರಿಸುವುದಕ್ಕಲ್ಲ. ಕಟ್ಟಿಗೆಯ ಹೊಗೆಯಲ್ಲಿ ಫೀನಾಲುಗಳಿವೆ. ಅವು ಶೀಟಿನ ಮೇಲೆ ಕೂತು ಬೂಷ್ಟನ್ನು ತಡೆಯುತ್ತವೆ. ಎಳ್ಳೆಣ್ಣೆಯಲ್ಲಿ ಸೆಸಮೋಲ್ ಮಾಡುವ ಕೆಲಸವನ್ನೂ ತಕ್ಕಮಟ್ಟಿಗೆ ಮಾಡುತ್ತವೆ. ಬಿಸಿಲಲ್ಲಿ ಒಣಗಿಸಿದ ಶೀಟಿಗೆ ಈ ರಕ್ಷಣೆ ಇಲ್ಲ, ಮೇಲಾಗಿ ಬಿಸಿಲಿನ ಬೆಳಕೇ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ.

ಪ್ರಶ್ನೆ: ಫೈಬರ್ ದೋಣಿಯ ದುರಸ್ತಿಯಲ್ಲಿ ರೆಸಿನ್‌ಗೆ ಮೊದಲು ಕೋಬಾಲ್ಟ್ ಬೆರೆಸಿ, ಆಮೇಲೆ ಹಾರ್ಡನರ್ ಹಾಕುತ್ತೇವೆ. ಎರಡನ್ನೂ ಒಟ್ಟಿಗೆ ಬೆರೆಸಿಟ್ಟರೆ ಕೆಲಸ ಸುಲಭವಲ್ಲವೇ?
(ದೋಣಿ ಕೆಲಸಗಾರರು, ಮಂಜೇಶ್ವರ)

ಉತ್ತರ: ಯಾವ ಕಾರಣಕ್ಕೂ ಹಾಗೆ ಮಾಡಬೇಡಿ. ನೀವು ಹಾರ್ಡನರ್ ಎನ್ನುವುದು ಎಂಇಕೆಪಿ ಎಂಬ ಪೆರಾಕ್ಸೈಡ್. ರಬ್ಬರಿನಲ್ಲಿ ತಾಮ್ರ ಮಾಡುವ ಕೆಲಸವನ್ನೇ ಇಲ್ಲಿ ಕೋಬಾಲ್ಟ್ ಮಾಡುತ್ತದೆ. ಪೆರಾಕ್ಸೈಡನ್ನು ಬಿಸಿ ಇಲ್ಲದೆಯೇ ಒಡೆದು ರ‍್ಯಾಡಿಕಲ್‌ಗಳನ್ನು ಹೊರಡಿಸುತ್ತದೆ, ಅವು ರೆಸಿನ್‌ನ ದ್ವಿಬಂಧಗಳನ್ನು ಒಂದಕ್ಕೊಂದು ಹೆಣೆದು ಗಟ್ಟಿ ಮಾಡುತ್ತವೆ. ಬಕೆಟಿನ ತುಂಬ ರೆಸಿನ್ ಇರುವಾಗ ಶೇಕಡ 1 ಅಥವಾ 2ರಷ್ಟು ಹಾರ್ಡನರ್‌ನಿಂದ ಹೊರಡುವ ಬಿಸಿ ಅದರಲ್ಲೇ ಹರಡಿಹೋಗುತ್ತದೆ. ರೆಸಿನ್ ಇಲ್ಲದೆ ಎರಡೂ ನೇರವಾಗಿ ಕೂಡಿದರೆ ಹಾರ್ಡನರ್ ಒಂದೇ ಏಟಿಗೆ ಒಡೆಯುತ್ತದೆ: ಹೊರಟ ಬಿಸಿ ಇನ್ನಷ್ಟನ್ನು ಒಡೆಯುತ್ತದೆ, ಅದು ಇನ್ನಷ್ಟು ಬಿಸಿ ಕೊಡುತ್ತದೆ, ಬೆಂಕಿ ಹತ್ತಬಹುದು, ಸ್ಫೋಟವೂ ಆಗಬಹುದು. ಎರಡಕ್ಕೂ ಒಂದೇ ಅಳತೆಯ ಲೋಟ ಬಳಸುವುದು ಕೂಡ ಅಪಾಯವೇ. ಹಾರ್ಡನರ್ ಕ್ಯಾನನ್ನು ಬಿಸಿಲಿಗೆ, ಒಲೆಯ ಬದಿಗೆ ಇಡಬೇಡಿ, ಕಬ್ಬಿಣದ ಅಥವಾ ತಾಮ್ರದ ಪಾತ್ರೆಗೆ ಸುರಿಯಬೇಡಿ, ಮಿಕ್ಕಿದ್ದನ್ನು ಮತ್ತೆ ಕ್ಯಾನಿಗೆ ಹಾಕಬೇಡಿ. ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿ ಹೋಗಬಹುದು. ಕನ್ನಡಕ ಹಾಕಿಯೇ ಕೆಲಸ ಮಾಡಿ. ಸಿಡಿದರೆ ತಡಮಾಡದೆ ಧಾರಾಳ ನೀರಿನಲ್ಲಿ ಕಾಲು ಗಂಟೆಯಾದರೂ ತೊಳೆದು, ಕೂಡಲೇ ವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ: ನಮ್ಮ ಊರಿನ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದು 2000ದಲ್ಲಿ ನಿಂತಿತು. ಸಾವಯವ ಸಂಯುಕ್ತವಾದರೆ ಬಿಸಿಲು ಮಳೆಗೆ ಅದು ಯಾವತ್ತೋ ವಿಘಟನೆ ಆಗಿರಬೇಕಲ್ಲವೇ? ಆಗಿದ್ದರೆ ಮತ್ತೆ ಭಯವೇಕೆ?
(ಅಂಗನವಾಡಿ ಕಾರ್ಯಕರ್ತೆ, ಎಣ್ಮಕಜೆ)

ಉತ್ತರ: ನಿಮ್ಮ ಊರು ಅನುಭವಿಸಿದ್ದನ್ನು ಬಲ್ಲವರಾರೂ ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಾರರು. ಅದಕ್ಕೇ ಎರಡು ಮಾತುಗಳನ್ನು ಬಿಡಿಸಿ ಹೇಳುತ್ತೇನೆ.

ಬಿಸಿಲು ಅದನ್ನು ನೇರವಾಗಿ ಒಡೆಯಲಾರದು. ಬೆಳಕು ಒಂದು ಬಂಧವನ್ನು ಮುರಿಯಬೇಕಾದರೆ ಅಣು ಆ ಬೆಳಕನ್ನು ಮೊದಲು ಹೀರಿಕೊಳ್ಳಬೇಕು; ನೆಲಕ್ಕೆ ತಲುಪುವ ಬಿಸಿಲಿನ ಅಲೆಗಳನ್ನು ಎಂಡೋಸಲ್ಫಾನ್ ಹೀರುವುದೇ ಇಲ್ಲ. ಅದರ ಆರು ಕ್ಲೋರಿನ್‌ಗಳಲ್ಲಿ ಎರಡು ದ್ವಿಬಂಧದ ಇಂಗಾಲಗಳಿಗೇ ಅಂಟಿಕೊಂಡಿವೆ. ಎರಡನೆಯ ಪತ್ರದ ಉತ್ತರದಲ್ಲಿ ಕಂಡ ಫೀನೈಲ್‌ನ ಹಾಗೆ ಅಲ್ಲಿ ಹುಟ್ಟಬೇಕಾದ ರ‍್ಯಾಡಿಕಲ್ ಅಸ್ಥಿರ, ಆದ್ದರಿಂದ ಬಂಧ ಬಲವಾದದ್ದು. ಇನ್ನೆರಡು ಕ್ಲೋರಿನ್‌ಗಳು, ಉಂಗುರಗಳು ಕೂಡುವ ಮೂಲೆಯಲ್ಲಿವೆ. ಅಲ್ಲಿ ಹುಟ್ಟುವ ರ‍್ಯಾಡಿಕಲ್‌ಗೆ ಚಪ್ಪಟೆಯಾಗಿ ಆರಾಮವಾಗಿ ಕೂರಲು ಜಾಗವಿಲ್ಲ. ಮಳೆಯ ನೀರು ಅದನ್ನು ಸೀಳಬಲ್ಲದು; ಆದರೆ ಆ ಕೆಲಸ ಕ್ಷಾರೀಯ ನೀರಿನಲ್ಲಿ ಬೇಗ, ಆಮ್ಲೀಯ ನೀರಿನಲ್ಲಿ ನಿಧಾನ. ನಮ್ಮ ಮುರಕಲ್ಲಿನ ಮಣ್ಣು ಆಮ್ಲೀಯ.

ಎರಡನೆಯದು ಇನ್ನೂ ಮುಖ್ಯ. ವಿಘಟನೆ ಎಂದರೆ ಇಲ್ಲವಾಗುವುದು ಎಂದಲ್ಲ, ಬೇರೊಂದು ಆಗುವುದು. ಮಣ್ಣಿನ ಸೂಕ್ಷ್ಮಜೀವಿಗಳು ಎಂಡೋಸಲ್ಫಾನಿನ ಗಂಧಕಕ್ಕೆ ಇನ್ನೊಂದು ಆಮ್ಲಜನಕ ಸೇರಿಸಿ ಅದನ್ನು ಎಂಡೋಸಲ್ಫಾನ್ ಸಲ್ಫೇಟ್ ಮಾಡುತ್ತವೆ. ಕ್ಲೋರಿನ್‌ಗಳ ಗೂಡು ಅದರಲ್ಲಿ ಹಾಗೆಯೇ ಉಳಿಯುತ್ತದೆ. ವಿಷವೂ ಮೂಲದಷ್ಟೇ, ಬಾಳಿಕೆ ಮೂಲಕ್ಕಿಂತ ಹೆಚ್ಚು. 2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಎಂಡೋಸಲ್ಫಾನನ್ನು ಸೇರಿಸಿದಾಗ ಈ ಸಲ್ಫೇಟನ್ನೂ ಗಣನೆಗೆ ತೆಗೆದುಕೊಂಡಿದ್ದರು. ಅದೇ ವರ್ಷ ನಮ್ಮ ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಲ್ಲಿಸಿತು.

ವರ್ಷಗಳು ಕಳೆದಂತೆ ಸಲ್ಫೇಟೂ ನಿಧಾನವಾಗಿ ಕಡಿಮೆಯಾಗುತ್ತದೆ; ಪ್ರತಿ ಮಳೆಗಾಲ ಮಣ್ಣಿನ ಕಣಗಳ ಜೊತೆ ಅದನ್ನು ತೋಡಿಗೂ ತಗ್ಗಿನ ಗದ್ದೆಗೂ ಒಯ್ಯುತ್ತದೆ. ಆದ್ದರಿಂದ ಗುಡ್ಡೆಯ ಮೇಲಿನ ಮಣ್ಣಿನ ಫಲಿತಾಂಶವನ್ನು ನೋಡಿ ಕೆಳಗಿನ ಕೆರೆಯ ಕೆಸರಿನ ಬಗ್ಗೆ ತೀರ್ಮಾನಿಸಲಾಗದು. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ನಿಮ್ಮ ಬಾವಿಯ ನೀರನ್ನೋ ಗುಡ್ಡೆಗೆ ಕೊರೆದ ಸುರಂಗದ ನೀರನ್ನೋ ಅಂಗನವಾಡಿಯ ಅಂಗಳದ ಮಣ್ಣನ್ನೋ ಪರೀಕ್ಷೆಗೆ ಕಳುಹಿಸಿ ವರದಿ ಕೈಗೆ ಬಂದಾಗ ‘ಎಂಡೋಸಲ್ಫಾನ್ ಪತ್ತೆಯಾಗಿಲ್ಲ’ ಎಂಬ ಒಂದೇ ಸಾಲನ್ನು ಓದಿ ಮಡಚಿಡಬೇಡಿ. ಆಲ್ಫಾ ಎಂಡೋಸಲ್ಫಾನ್, ಬೀಟಾ ಎಂಡೋಸಲ್ಫಾನ್, ಎಂಡೋಸಲ್ಫಾನ್ ಸಲ್ಫೇಟ್ ಎಂಬ ಮೂರು ಹೆಸರುಗಳೂ ಅದರಲ್ಲಿ ಇವೆಯೇ, ಮೂರರ ಎದುರಿಗೂ ಅಂಕಿ ಅಥವಾ ಪತ್ತೆಯ ಮಿತಿಯನ್ನು ಬರೆದಿದ್ದಾರೆಯೇ ಎಂದು ನೋಡಿ. ಸಲ್ಫೇಟಿನ ಸಾಲು ಇಲ್ಲದಿದ್ದರೆ ಪರೀಕ್ಷೆ ಪೂರ್ತಿಯಾಗಿಲ್ಲ. ಅದನ್ನೂ ಸೇರಿಸಿ ಮತ್ತೆ ಮಾಡಿಕೊಡಲು ಬರವಣಿಗೆಯಲ್ಲೇ ಕೇಳಿ.